ಹಿತ್ತಾಳೆ ಬೀಗದವರ ಹೊಟ್ಟೆಕಿಚ್ಚು

ನಮ್ಮ ಮನೆಯವರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲ ಚಿಲಕವನ್ನು. ಅದರಲ್ಲಿ ನೇತಾಡುವ ಬೀಗ ಹಿತ್ತಾಳೆಯದಾಗಿದ್ದರೆ ಅವರ ಮುಖ ಅರಳುತ್ತದೆ. ಆ ಮನೆಯವರ ಯೋಗಕ್ಷೇಮ ವಿಚಾರಿಸುತ್ತಾರೆ, ಮಕ್ಕಳನ್ನು ಹತ್ತಿರ ಕರೆದು ಮಾತಾಡಿಸುತ್ತಾರೆ, ಎರಡನೇ ಸಲ ಚಹಾ ಕೊಟ್ಟರೂ ಬೇಡವೆನ್ನುವುದಿಲ್ಲ. ಉಕ್ಕಿನದಾಗಿದ್ದರೆ ಮುಗಿಯಿತು. ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡಲು ಶುರು ಮಾಡುತ್ತಾರೆ. ನನ್ನ ದೊಡ್ಡಪ್ಪ ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋಗಿದ್ದೆವು. ದೊಡ್ಡಮ್ಮ ಅಳುತ್ತಾ ಬಾಗಿಲಿಗೆ ಬಂದರು. ಇವರು ಅವರ ಹೆಗಲ ಮೇಲಿಂದ ಚಿಲಕ ನೋಡಿ, "ಇದನ್ನ ನಿಮಗೆ ಯಾರು ಕೊಟ್ರು?" ಎಂದುಬಿಟ್ಟರು. ದೊಡ್ಡಮ್ಮ ತಮ್ಮ ದುಃಖದ ವಿಷಯ ಕೇಳುತ್ತಿದ್ದಾರೆಂದುಕೊಂಡು, "ದೇವರೇ ಕೊಟ್ಟದ್ದಪ್ಪ, ಅನುಭವಿಸಬೇಕು" ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು.

ಇವರು ಹಿತ್ತಾಳೆ ಬೀಗ ಮಾಡುವ ಕಂಪನಿಯೊಂದರ ಸೇಲ್ಸ್‌ಮನ್. ನನ್ನನ್ನು ನೋಡಲು ಬಂದ ದಿನವೂ ಅದೇ ಕೆಲಸದಲ್ಲಿದ್ದರು, ಇವತ್ತೂ ಅದರಲ್ಲೇ ಇದ್ದಾರೆ. ಬೆಳಗ್ಗೆ ಸ್ಯಾಂಪಲ್ ಬ್ಯಾಗ್ ಹೆಗಲಿಗೇರಿಸಿ ಹೊರಟರೆ ಊರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಒಂದೊಂದಾಗಿ ಸುತ್ತುತ್ತಾರೆ. ಪ್ರತಿ ಅಂಗಡಿಯ ಗೋಡೆಯಲ್ಲಿ ಬೀಗಗಳನ್ನು ಸಾಲಾಗಿ ಸಿಕ್ಕಿಸಿದ ಒಂದು ಬೋರ್ಡು ಇರುತ್ತದೆ. ಗಿರಾಕಿ ಕೌಂಟರಿನ ಮುಂದೆ ನಿಂತಾಗ ಅವನ ಕಣ್ಣಿನ ಮಟ್ಟಕ್ಕೆ ಯಾವ ಬೋರ್ಡು ಇರುತ್ತದೋ ಆ ಕಂಪನಿಯ ಬೀಗ ಹೋಗುತ್ತದೆ ಎನ್ನುವುದು ಇವರ ನಂಬಿಕೆ. ಅದಕ್ಕೇ ಇವರು ಅಂಗಡಿಯವನ ಜೊತೆ ಹವಾಮಾನದ ಬಗ್ಗೆ ಮಾತಾಡುತ್ತಲೇ ಕೈಚಾಚಿ, ಉಕ್ಕಿನ ಬೋರ್ಡನ್ನು ಬಕೆಟ್‌ಗಳ ಹಿಂದಕ್ಕೆ ತಳ್ಳಿ, ತಮ್ಮದನ್ನು ಮುಂದಕ್ಕೆ ನೇತುಹಾಕುತ್ತಾರೆ. ಮಾತು ಒಂದು ಕ್ಷಣವೂ ತಪ್ಪುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಳ್ಳತನಕ್ಕೆ ಇಳಿದಿದ್ದರೆ ಇವರು ಎಲ್ಲೋ ಇರುತ್ತಿದ್ದರು.

ಇವರು ಹೋದ ಮಾರನೆಯ ದಿನ ಅದೇ ಅಂಗಡಿಗೆ ಇನ್ನೊಬ್ಬ ಬರುತ್ತಾನೆ. ಉಕ್ಕಿನ ಕಂಪನಿಯವನು. ಅವನೂ ಹವಾಮಾನದ ಬಗ್ಗೆ ಮಾತಾಡುತ್ತಾ ಹಿತ್ತಾಳೆಯನ್ನು ಬಕೆಟ್ಟಿನ ಹಿಂದಕ್ಕೆ ಕಳಿಸುತ್ತಾನೆ. ಬಿಸಿಲಿರಲಿ, ಮಳೆಯಿರಲಿ, ಅವನು ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ ಇರುತ್ತಾನಂತೆ. ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರು ಬಿಳಿ ಶರ್ಟು. ಇಬ್ಬರೂ ಎಷ್ಟೋ ಸಲ ಎದುರುಬದುರಾಗಿದ್ದಾರೆ. "ನಮಸ್ಕಾರ ಸಾರ್, ಹೇಗಿದ್ದೀರಾ" ಎಂದು ಹಲ್ಲು ಕಿರಿಯುತ್ತಾರೆ, ಒಬ್ಬರಿಗೊಬ್ಬರು ಚಹಾ ಕೊಡಿಸುತ್ತಾರೆ. ಆಮೇಲೆ ಇವರು ಮನೆಗೆ ಬಂದು ಬೂಟು ಬಿಚ್ಚಿ ಎಸೆಯುವ ಸದ್ದಿನಲ್ಲೇ ನನಗೆ ತಿಳಿಯುತ್ತದೆ, ಇವತ್ತು ಬಿಳಿ ಶರ್ಟು ಸಿಕ್ಕಿದ್ದ ಎಂದು.

ಇದೆಲ್ಲ ಹೇಳುವಾಗ ನನ್ನ ಹೊಟ್ಟೆಕಿಚ್ಚನ್ನು ಮಾತ್ರ ಮುಚ್ಚಿಡುವುದು ನ್ಯಾಯವಲ್ಲ. ನನಗೆ ಆ ಅಂಗಡಿಯವರ ಮೇಲೆಲ್ಲ ಹೊಟ್ಟೆಕಿಚ್ಚಿದೆ. ಇವರು ಅಂಗಡಿಯೊಳಗೆ ಕಾಲಿಟ್ಟೊಡನೆ ನಗುತ್ತಾರಲ್ಲ, ಆ ನಗುವಿನಲ್ಲಿ ಕಾಲು ಭಾಗವನ್ನು ಮನೆಗೆ ತಂದಿದ್ದರೂ ನಮ್ಮ ಸಂಸಾರ ಬೇರೆಯೇ ಇರುತ್ತಿತ್ತು. ಅಂಗಡಿಯವರ ಸೊಸೆಯ ಬಾಣಂತನದಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲ ವಿಚಾರಿಸುತ್ತಾರೆ. ನನ್ನ ಮೊಣಕಾಲು ಯಾವುದು ನೋಯುತ್ತದೆ, ಎಡದ್ದೋ ಬಲದ್ದೋ, ಕೇಳಿ ನೋಡಿ. ಮನೆಗೆ ಬರುವಷ್ಟರಲ್ಲಿ ಮಾತೆಲ್ಲ ಖರ್ಚಾಗಿ ಹೋಗಿರುತ್ತದೆ. "ಊಟ?" ಎಂದರೆ "ಹೂಂ". "ಇನ್ನಷ್ಟು?" ಎಂದರೆ "ಉಹೂಂ". ನಮ್ಮ ಮುಂಬಾಗಿಲಿಗೆ ಅವರ ಕಂಪನಿಯ ದೊಡ್ಡ ಹಿತ್ತಾಳೆ ಬೀಗವಿದೆ. ರಜೆಯ ದಿನ ಅದಕ್ಕೆ ಎಣ್ಣೆ ಬಿಟ್ಟು, ಬಟ್ಟೆಯಿಂದ ತಿಕ್ಕಿ, ದೂರ ನಿಂತು ನೋಡುತ್ತಾರೆ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಹಿಂಬಾಗಿಲಿನ ಕಡೆ ಮಾತ್ರ ಅವರು ಬರುವುದಿಲ್ಲ. ಆ ಬಾಗಿಲಿನ ವಿಷಯ ಸದ್ಯಕ್ಕೆ ಇರಲಿ.

ನಮಗೆ ಒಬ್ಬಳೇ ಮಗಳು. ಕಾಲೇಜಿನಲ್ಲಿ ಮಾರ್ಕೆಟಿಂಗ್ ಓದುತ್ತಿದ್ದಾಳೆ. ಅಪ್ಪ ಮಾಡುವ ಕೆಲಸವನ್ನೇ ಪುಸ್ತಕದಲ್ಲಿ ಓದುವುದು ಎಂದು ನಾನು ಒಂದು ಸಲ ಅಂದಿದ್ದಕ್ಕೆ ಅಪ್ಪ ಮಗಳು ಇಬ್ಬರಿಗೂ ಸಿಟ್ಟು ಬಂದಿತ್ತು. ಅವಳಿಗೆ ತನ್ನ ಓದು ಅಷ್ಟು ಸಣ್ಣದಲ್ಲವೆಂದು, ಅವರಿಗೆ ತಮ್ಮ ಕೆಲಸ ಅಷ್ಟು ಸುಲಭವಲ್ಲವೆಂದು. ಈ ವರ್ಷ ಅವಳಿಗೂ ಅವಳ ಇಬ್ಬರು ಗೆಳತಿಯರಿಗೂ ಸೇರಿ ಒಂದು ಪ್ರಾಜೆಕ್ಟ್ ಬಂತು. ಯಾವುದಾದರೂ ಒಂದು ಉದ್ಯಮ ಆರಿಸಿಕೊಂಡು, ಅದರಲ್ಲಿ ಯಾವ ಯಾವ ಕಂಪನಿಗಳಿವೆ, ಯಾರು ಯಾರಿಗೆ ಮಾರುತ್ತಾರೆ, ಯಾಕೆ ಒಬ್ಬರದು ಹೆಚ್ಚು ಹೋಗುತ್ತದೆ, ಇನ್ನೊಬ್ಬರದು ಯಾಕೆ ಹೋಗುವುದಿಲ್ಲ ಎಂದು ಹುಡುಕಿ ಬರೆಯಬೇಕು. ಕ್ಲಾಸಿನವರೆಲ್ಲ ಬಿಸ್ಕತ್ತು, ಬೈಕು, ಮೊಬೈಲು ಎಂದು ಕಿತ್ತಾಡುತ್ತಿದ್ದಾಗ ಇವಳು ಎದ್ದು ನಿಂತು "ಬೀಗ" ಎಂದಳಂತೆ. ಕ್ಲಾಸೆಲ್ಲ ನಕ್ಕಿತಂತೆ.

ಭಾನುವಾರ ಅವಳು ಈ ವಿಷಯ ಹೇಳಿದೊಡನೆ ನಮ್ಮ ಮನೆಯವರು ಎದ್ದು ಏಣಿ ಹಾಕಿ ಅಟ್ಟ ಹತ್ತಿದರು. ಹಳೆಯ ಕ್ಯಾಟಲಾಗುಗಳು, ಒಳಗಿನ ಯಂತ್ರ ಕಾಣುವಂತೆ ಅರ್ಧ ಕೊಯ್ದ ಬೀಗ, ಕೀಲಿಯ ಅಚ್ಚುಗಳು, ಎಲ್ಲ ಇಳಿಸಿ ಧೂಳು ಒರೆಸಿ ನಡುಮನೆಯ ಮೇಜಿನ ಮೇಲೆ ಜೋಡಿಸಿಟ್ಟರು. ಮುಖಕ್ಷೌರ ಮಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ರಜೆಯ ದಿನ ಅವರು ಕ್ಷೌರ ಮಾಡಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು.

"ಅಪ್ಪಾ, ಒಂದು ತೊಂದ್ರೆ ಇದೆ" ಎಂದಳು ಮಗಳು. "ಮನೆಯವರು ಕೆಲಸ ಮಾಡೋ ಕಂಪನಿ ತಗೋಬಾರ್ದಂತೆ. ಮನೆಯವರ ಬಾಯಿಂದ ಮಾಹಿತಿನೂ ತಗೋಬಾರ್ದಂತೆ. ಪಕ್ಷಪಾತ ಆಗುತ್ತೆ ಅಂತ ಮೇಡಂ ಹೇಳಿದ್ರು. ಅದಕ್ಕೆ ನಾವು ಸ್ಟೀಲ್ ಕಂಪನಿ ತಗೊಂಡ್ವಿ."

"ಯಾವ ಸ್ಟೀಲ್ ಕಂಪನಿ?"

ಊರಿಗೆಲ್ಲ ಇದ್ದದ್ದು ಒಂದೇ ಉಕ್ಕಿನ ಬೀಗದ ಕಂಪನಿ. ಅವರಿಗೂ ಅದು ಗೊತ್ತು. ಆದರೂ ಕೇಳಿದರು.

ಮೊದಮೊದಲು ಅವಳು, ಅವಳ ಗೆಳತಿಯರಿಬ್ಬರು ಕಂಪ್ಯೂಟರಿನ ಮುಂದೆ ಕೂತು ಕಂಪನಿಯ ವೆಬ್‌ಸೈಟು ನೋಡಿದರು. ಅದರಲ್ಲಿ ಇದ್ದದ್ದೆಲ್ಲ 'ನಂಬಿಕೆಯೇ ನಮ್ಮ ಉಸಿರು' ಎಂಬಂಥ ಮಾತುಗಳು ಮತ್ತು ನಗುತ್ತಿರುವ ಒಂದು ಸಂಸಾರದ ಚಿತ್ರ. ಬೀಗ ಕಂಡು ಅಷ್ಟೊಂದು ನಗುವ ಸಂಸಾರವನ್ನು ನಾನಂತೂ ನೋಡಿಲ್ಲ. ಲೈಬ್ರರಿಯಲ್ಲಿ ಹುಡುಕಿದರೆ ಕಾರು, ಸಿಮೆಂಟು, ಔಷಧಿಯ ಬಗ್ಗೆ ರಾಶಿಗಟ್ಟಲೆ ಇತ್ತು, ಬೀಗದ ಬಗ್ಗೆ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. "ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋದನ್ನ ಬರೆದು ತರಬೇಡಿ, ಹೊರಗೆ ಹೋಗಿ ಕೇಳಿ" ಎಂದು ಮೇಡಂ ಗದರಿಸಿದರಂತೆ. ಹೊರಗೆ ಹೋಗಿ ಕೇಳಲು ಈ ಊರಿನಲ್ಲಿ ಉಕ್ಕಿನ ಬೀಗದವನು ಒಬ್ಬನೇ ತಾನೆ?

ಹೀಗೆ ನಮ್ಮ ಮನೆಯ ಊಟದ ಮೇಜಿಗೆ ಬಿಳಿ ಶರ್ಟು ಬಂದು ಕೂತ. ಅವನು ಬರಲಿಲ್ಲ, ಅವನ ಮಾತುಗಳು ಬಂದವು.

"ಅಂಕಲ್ ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ ಅಮ್ಮ. ಬೀಗ ಕೊಳ್ಳೋರು ಕಳ್ಳನಿಗೆ ಹೆದರಿ ಕೊಳ್ಳಲ್ವಂತೆ. ಬಾಗಿಲು ಹಾಕಿದ್ನೋ ಇಲ್ವೋ ಅಂತ ಅರ್ಧ ದಾರೀಲಿ ಅನುಮಾನ ಬರುತ್ತಲ್ಲ, ಅದಕ್ಕೆ ಹೆದರಿ ಕೊಳ್ತಾರಂತೆ. ಅದಕ್ಕೆ ಅವರ ಬೀಗ ಹಾಕಿದ ತಕ್ಷಣ ಜೋರಾಗಿ ಟಕ್ ಅಂತ ಸದ್ದು ಮಾಡುತ್ತಂತೆ."

ನಮ್ಮ ಮನೆಯವರ ಕೈಯಲ್ಲಿದ್ದ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. "ಸದ್ದು ನಮ್ಮದೂ ಮಾಡುತ್ತೆ" ಎಂದರು.

"ನಿಮ್ಮದು ಕ್ಲಿಕ್ ಅನ್ನುತ್ತೆ ಅಪ್ಪ. ಟಕ್ ಅನ್ನಲ್ಲ."

ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಮುಂಬಾಗಿಲಿನಿಂದ ಕ್ಲಿಕ್, ಕ್ಲಿಕ್ ಎಂದು ಬಹಳ ಹೊತ್ತು ಕೇಳಿಸುತ್ತಿತ್ತು.

ದಿನ ಕಳೆದಂತೆ ಅಂಕಲ್ ಪುರಾಣ ಬೆಳೆಯಿತು. ಅಂಕಲ್ ಯಾವ ಅಂಗಡಿಗೆ ಯಾವ ಹೊತ್ತಿನಲ್ಲಿ ಹೋಗುತ್ತಾರೆ, ಅಂಗಡಿಯವರು ಸಿಟ್ಟಿನಲ್ಲಿದ್ದರೆ ಬ್ಯಾಗ್ ತೆರೆಯದೆ ಹೇಗೆ ವಾಪಸ್ಸು ಬರುತ್ತಾರೆ, ಬೋರ್ಡನ್ನು ಹೇಗೆ ಕಣ್ಣಿನ ಮಟ್ಟಕ್ಕೆ ತರುತ್ತಾರೆ. ಇದನ್ನೆಲ್ಲ ಇವರು ಅವನಿಗಿಂತ ಮೊದಲಿನಿಂದ ಮಾಡುತ್ತಿದ್ದಾರೆ. ಮಗಳು ಅದನ್ನೇ ಬೇರೆಯವನ ಬಾಯಿಂದ ಕೇಳಿಕೊಂಡು ಬಂದು, ಕಣ್ಣರಳಿಸಿ ಇವರಿಗೇ ಹೇಳುತ್ತಿದ್ದಳು. ಇವರ ಮುಖ ನೋಡಬೇಕಿತ್ತು. ಮೈಯೆಲ್ಲ ಕಣ್ಣಾಗಿ, ಕಿವಿಯಾಗಿ ಕೇಳುವುದು, ಕೇಳಿ ಮುಗಿದ ಮೇಲೆ ಮೂಗು ಮುರಿಯುವುದು. ಮರುದಿನ ತಾವೇ, "ಏನಂದ ಇವತ್ತು ನಿಮ್ಮ ಅಂಕಲ್?" ಎಂದು ಶುರು ಮಾಡುವುದು.

ಒಂದು ಸಂಜೆ ಇವರೇ ಒಂದು ಬಿಳಿ ಶರ್ಟು ಕೊಂಡುಕೊಂಡು ಬಂದರು. ನಾನು ಅದನ್ನು ಬಿಚ್ಚಿ ನೋಡಿ, "ಯಾರಿಗೆ ಇದು?" ಎಂದೆ.

"ಯಾಕೆ, ನಾನು ಹಾಕ್ಕೋಬಾರ್ದಾ? ಬಿಳಿ ಏನು ಅವರಪ್ಪನ ಮನೆ ಬಣ್ಣಾನಾ?"

"ಹಾಕ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ. ಒಗೆಯೋಳು ನಾನಲ್ವಾ, ಅದಕ್ಕೆ ಕೇಳ್ದೆ."

ಮರುದಿನ ಹಾಕಿಕೊಂಡು ಹೋದರು. ಸಂಜೆ ಬರುವಾಗ ಹೆಗಲಿನ ಮೇಲೆ ಬ್ಯಾಗಿನ ಕರಿ ಪಟ್ಟಿ ಅಚ್ಚೊತ್ತಿತ್ತು, ತೋಳಿನ ಮೇಲೆ ಬೀಗದ ಎಣ್ಣೆ. ಮಗಳು ಗಮನಿಸಲೇ ಇಲ್ಲ. ನಾನು ಅದನ್ನು ಹಿಂಬಾಗಿಲಿನ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಕೈ ಸೋತು, ಬಿಳಿ ಶರ್ಟಿನ ಹೆಂಡತಿಗೆ ದೇವರು ಒಳ್ಳೆಯದು ಮಾಡಲಿ ಎಂದುಕೊಂಡೆ. ಅವರ ಅವಸ್ಥೆ ನೋಡಿ ನನಗೆ ನಗುವೂ ಬರುತ್ತಿತ್ತು, ಪಾಪ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾಕೆಂದರೆ, ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದರು. ಆ ಮಾತೆಲ್ಲ ಆ ಪುಣ್ಯಾತ್ಮನ ಬಗ್ಗೆ.

ಕೊನೆಗೆ ಪ್ರಾಜೆಕ್ಟಿನ ಮುಖ್ಯವಾದ ಭಾಗ ಬಂತು. ಹುಡುಗಿಯರು ಅಂಗಡಿ ಅಂಗಡಿಗೆ ಹೋಗಿ ಪ್ರಶ್ನೆ ಕೇಳಬೇಕು. ಗಿರಾಕಿ ಬೀಗ ಕೇಳಿದರೆ ನೀವು ಮೊದಲು ಯಾವುದನ್ನು ತೆಗೆದು ತೋರಿಸುತ್ತೀರಿ? ಯಾವುದು ವಾಪಸ್ಸು ಬರುವುದು ಕಡಿಮೆ? ಯಾವ ಕಂಪನಿಯ ಸೇಲ್ಸ್‌ಮನ್ ನಿಮ್ಮ ಕಷ್ಟಕ್ಕೆ ಆಗುತ್ತಾರೆ? ಮಗಳು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಮ್ಮ ಮನೆಯವರು ಪೇಪರ್ ಓದುತ್ತಿದ್ದರು. ಪೇಪರಿನ ಹಾಳೆ ಎಷ್ಟು ಹೊತ್ತಾದರೂ ತಿರುಗಲಿಲ್ಲ. ಕೊನೆಯ ಪ್ರಶ್ನೆ ಬಂದಾಗ ಪೇಪರು ಸ್ವಲ್ಪ ಕೆಳಗಿಳಿಯಿತು, ಮತ್ತೆ ಮೇಲೇರಿತು.

ಮರುದಿನ ಅವರ ಬ್ಯಾಗು ಎಂದಿಗಿಂತ ಭಾರವಾಗಿತ್ತು. ಒಂದು ಡಜನ್ ತಗೊಂಡರೆ ಒಂದು ಫ್ರೀ ಎಂದು ಅಂಗಡಿಯವರಿಗೆ ಕೊಡಲು ಕಂಪನಿ ಪುಟ್ಟ ಬೀಗಗಳನ್ನು ಕಳಿಸುತ್ತದೆ. ಅದಕ್ಕೆ ಸ್ಕೀಮ್ ಎನ್ನುತ್ತಾರೆ. ಆ ಪುಟ್ಟ ಬೀಗಗಳನ್ನು ಮುಷ್ಟಿ ಮುಷ್ಟಿ ತುಂಬಿಕೊಳ್ಳುತ್ತಿದ್ದರು. "ಏನ್ರೀ ಇಷ್ಟೊಂದು?" ಎಂದರೆ, "ಈ ತಿಂಗಳು ಮಾರ್ಕೆಟ್ ಚೆನ್ನಾಗಿದೆ" ಎಂದರು.

ಹುಡುಗಿಯರು ಅಂಗಡಿ ಸುತ್ತಿ ಮನೆಗೆ ಬಂದ ಮಧ್ಯಾಹ್ನ ಮಗಳ ಮುಖ ಬಾಡಿ ಹೋಗಿತ್ತು. ಮೊದಲನೇ ಅಂಗಡಿಯಲ್ಲಿ, ಯಾವುದು ಮೊದಲು ತೋರಿಸುತ್ತೀರಿ ಎಂದರೆ "ಎರಡೂ" ಎಂದರಂತೆ. ಯಾವುದು ಗಟ್ಟಿ? ಎರಡೂ. ಯಾವ ಸೇಲ್ಸ್‌ಮನ್ ಒಳ್ಳೆಯವರು? "ಇಬ್ಬರೂ ದೇವರಂಥೋರಮ್ಮ." ಎರಡನೇ ಅಂಗಡಿಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಬೀಗದ ವಿಷಯದಲ್ಲಿ ಈ ಊರಿನ ಅಂಗಡಿಯವರಷ್ಟು ಒಗ್ಗಟ್ಟು ಲೋಕದಲ್ಲಿ ಎಲ್ಲೂ ಇರಲಿಕ್ಕಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಅಂಗಡಿಯಾಕೆಯನ್ನು ಮಗಳು ಕೇಳಿದಳಂತೆ, "ಅಜ್ಜಿ, ಒಂದನ್ನಾದ್ರೂ ಹೇಳ್ಬಾರ್ದಾ? ನಮಗೆ ಮಾರ್ಕ್ಸ್ ಹೋಗುತ್ತೆ." ಆಕೆಗೆ ಕನಿಕರ ಬಂದು, "ಏನ್ಮಾಡ್ಲಿ ಕಂದ, ಇಬ್ಬರೂ ಕೊಟ್ಟಿದ್ದಾರಲ್ಲ" ಎಂದು ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ಪುಟ್ಟ ಬೀಗಗಳನ್ನು ತೆಗೆದು ತೋರಿಸಿದಳಂತೆ. ಒಂದು ಹಿತ್ತಾಳೆ, ಎರಡು ಉಕ್ಕು.

ನಡೆದದ್ದು ಇಷ್ಟು. ನಮ್ಮ ಮನೆಯವರು ಅಂಗಡಿ ಅಂಗಡಿಗೂ ಹೋಗಿ, ಕಾಲೇಜು ಹುಡುಗಿಯರು ಬಂದು ಕೇಳಿದರೆ ಹಿತ್ತಾಳೆ ಎನ್ನಿ ಎಂದು ಹೇಳಿ ಒಂದೊಂದು ಬೀಗ ಕೊಟ್ಟಿದ್ದರು. ಬಂದದ್ದನ್ನು ಬಿಡುವವರು ಅಂಗಡಿಯವರಾಗುತ್ತಾರೆಯೇ? ಮಾರನೆಯ ದಿನ ಬಿಳಿ ಶರ್ಟು ಬಂದಾಗ, "ಹಿತ್ತಾಳೆಯವರು ಉತ್ತರಕ್ಕೆ ಒಂದು ಬೀಗ ಅಂತ ಸ್ಕೀಮ್ ಬಿಟ್ಟಿದ್ದಾರೆ, ನಿಮ್ಮದೇನು ಸಾರ್?" ಎಂದಿದ್ದಾರೆ. ಅವನೂ ಸೇಲ್ಸ್‌ಮನ್ನೇ. ಯಾವ ಉತ್ತರ, ಯಾಕೆ, ಯಾರಿಗೆ ಎಂದು ಕೇಳುವ ಮೊದಲೇ "ನಮ್ಮದು ಎರಡು" ಎಂದುಬಿಟ್ಟಿದ್ದಾನೆ. ಆಮೇಲೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗದೆ ಇಡೀ ಊರಿಗೆ ಹಂಚಿದ್ದಾನೆ.

ಸಂಜೆ ಇವರು ಬ್ಯಾಗ್ ಇಳಿಸುವ ಮೊದಲೇ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ನೀನು ಉತ್ತರ ಕೊಂಡ್ಕೊಂಡ್ಯಾ?"

"ಕೊಂಡ್ಕೊಳ್ಳೋದೇನು? ಸ್ಕೀಮ್ ಕೊಟ್ಟೆ."

"ನಮ್ಮ ಕೆಲಸ ಎಲ್ಲಾ ಮಣ್ಣುಪಾಲಾಯ್ತು. ನನ್ನ ಫ್ರೆಂಡ್ಸ್ ಮುಖ ಹೇಗೆ ನೋಡ್ಲಿ ನಾನು? ನಿನ್ನ ಕಂಪನಿ ಗೆಲ್ಲಿಸೋಕೆ ನನ್ನ ಪ್ರಾಜೆಕ್ಟೇ ಬೇಕಿತ್ತಾ?"

"ಕಂಪನಿ ಮನೆ ಹಾಳಾಗ್ಲಿ" ಎಂದರು ಇವರು. ನಾನು ಬೆಚ್ಚಿಬಿದ್ದೆ. ಈ ಬಾಯಲ್ಲಿ ಆ ಮಾತು ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. "ಅಂಗಡಿಯವರು ಒಂದ್ಸಲ ನಿನ್ನ ಮುಂದೆ ನನ್ನ ಬಗ್ಗೆ ಒಳ್ಳೆ ಮಾತಾಡ್ಲಿ ಅಂತ ಆಸೆ ಆಯ್ತು. ದಿನಾ ಅಂಕಲ್, ಅಂಕಲ್. ನನ್ನ ಒಂದು ದಿನ ಕೇಳಿದ್ದೀಯಾ?"

"ಕೇಳಬಾರ್ದು ಅಂತ ಮೇಡಂ ಹೇಳಿದ್ರಲ್ಲ ಅಪ್ಪ!"

"ಪ್ರಾಜೆಕ್ಟಿಗಲ್ಲ" ಎಂದರು. "ಸುಮ್ನೆ."

ಅಷ್ಟು ಹೇಳಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಮಗಳು ಬಾಗಿಲಲ್ಲೇ ನಿಂತಿದ್ದಳು. ಅಳು ತಡೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಅವರನ್ನು ಸಮಾಧಾನ ಮಾಡಲೋ, ಇವಳನ್ನೋ ತಿಳಿಯದೆ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ಮರುದಿನ ಅವಳು ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮೇಡಂ ಮೊದಲು ಗದರಿಸಿ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಆದದ್ದನ್ನೇ ಬರೆಯಿರಿ, ಅಂಗಡಿಯವರನ್ನು ಕೇಳುವುದು ಹೇಗೆ ಕೆಡುತ್ತದೆ ಎನ್ನುವುದೂ ಒಂದು ಪಾಠವೇ ಎಂದರಂತೆ. ಆದರೆ ಬೀಗ ಕೊಳ್ಳುವವರ ಮಾತು ಒಂದೂ ಇಲ್ಲವಲ್ಲ, ಅದಕ್ಕೆ ಮಾರ್ಕ್ಸ್ ಕಡಿಮೆಯಾಗುತ್ತದೆ ಎಂದೂ ಹೇಳಿದರಂತೆ. ಅಂತೂ ತಲೆ ಉಳಿಯಿತು.

ಅದಾದ ಮೇಲೆ ಬಂದ ಶನಿವಾರ ಕಾಲೇಜಿಗೆ ರಜೆ. ಇವರು ಬೂಟು ಹಾಕಿಕೊಳ್ಳುತ್ತಿದ್ದಾಗ ಮಗಳು ಬಂದು ಸ್ಯಾಂಪಲ್ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಭಾರ ಇದೆ, ಬಿಡು" ಎಂದರು. "ನಡಿ ಅಪ್ಪ, ಸುಮ್ನೆ ಬರ್ತೀನಿ" ಎಂದಳು. ಇಬ್ಬರೂ ಬೀದಿಯ ತಿರುವಿನವರೆಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಇವರು ಆಗಲೇ ಕೈ ಆಡಿಸುತ್ತಾ ಏನೋ ಹೇಳುತ್ತಿದ್ದರು.

ಸಂಜೆ ಬಂದರು ನೋಡಿ, ಮನೆಯೊಳಗೆ ಜಾತ್ರೆ ಹೊಕ್ಕ ಹಾಗೆ. ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಿತ್ತುಕೊಳ್ಳುತ್ತಿದ್ದರು. ಮೊದಲನೇ ಅಂಗಡಿಯವನು ಇವರನ್ನು ಕಂಡೊಡನೆ ಕುರ್ಚಿ ಒರೆಸಿ ಕೊಟ್ಟದ್ದು, ಎರಡನೆಯವನ ಜಗಳಗಂಟ ತಮ್ಮನನ್ನು ಇವರು ಎರಡೇ ಮಾತಿನಲ್ಲಿ ತಣ್ಣಗಾಗಿಸಿದ್ದು, ಮೂರನೆಯ ಅಂಗಡಿಯಲ್ಲಿ ಬಿಳಿ ಶರ್ಟು ಎದುರಾದದ್ದು. ಇಬ್ಬರೂ ತಲೆ ತಗ್ಗಿಸಿ ನಿಂತು, "ನೀವು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ ಸಾರ್", "ನಿಮ್ಮದು ನಿಂತ ಮೇಲೆ ನಮ್ಮದು ಸಾರ್" ಎಂದು, ಅಂಗಡಿಯವರು ಬಿಡದೆ ಕೇಳುತ್ತಿದ್ದ ಆ ಸ್ಕೀಮನ್ನು ವಾಪಸ್ಸು ತೆಗೆದುಕೊಂಡದ್ದು. ಅವನ ಜೊತೆ ಅಪ್ಪ ಮಾತಾಡುತ್ತಿದ್ದಾಗ ಮಗಳು ಹಿತ್ತಾಳೆ ಬೋರ್ಡನ್ನು ಮೆಲ್ಲಗೆ ಕಣ್ಣಿನ ಮಟ್ಟಕ್ಕೆ ಏರಿಸಿದಳಂತೆ. ಇದನ್ನು ಹೇಳಿ ಮುಗಿಸಿ ಇವರು ಅದನ್ನೇ ಮತ್ತೊಂದು ಸಲ ಹೇಳಿದರು.

ಊಟಕ್ಕೆ ಕೂತ ಮೇಲೂ ಅದೇ. ಯಾವ ಅಂಗಡಿಯ ಬೋರ್ಡು ಎಲ್ಲಿ ಬರಬೇಕು, ಕ್ಲಿಕ್ಕನ್ನು ಟಕ್ ಮಾಡಬಹುದೇ, ಕಂಪನಿಗೆ ಹೇಳಿ ನೋಡೋಣವೇ. ನಾನು ಬಡಿಸಿದೆ, ಇಬ್ಬರೂ ನೋಡದೆ ತಿಂದರು. ನೀರು ಇಟ್ಟೆ, ಕುಡಿದರು. ಉಪ್ಪು ಹಾಕಲು ಮರೆತಿದ್ದೆ, ಅದೂ ಇಬ್ಬರಿಗೂ ತಿಳಿಯಲಿಲ್ಲ. ಅವರಿಬ್ಬರೂ ಒಂದಾದದ್ದಕ್ಕೆ ನನಗೆ ಸಂತೋಷವೇ. ಆದರೆ ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು ಎನ್ನುವುದೂ ನಿಜ. ಇಷ್ಟು ದಿನ ಒಬ್ಬರು ಬೀಗದ ಕಡೆ ನೋಡಿಕೊಂಡು ಕೂತಿದ್ದರು, ಈಗ ಇಬ್ಬರಾದರು. ನಾನೊಬ್ಬಳು ಈ ಮನೆಯಲ್ಲಿ ಯಾವ ಬಕೆಟ್ಟಿನ ಹಿಂದೆ ಇದ್ದೇನೆ?

"ನಮ್ಮ ಹಿಂಬಾಗಿಲಿಗೆ ಉಕ್ಕಿನ ಬೀಗ ಇದೆ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಏನಂದೆ?" ಎಂದರು ಇವರು.

"ಸ್ಟೀಲ್ ಕಂಪನೀದು. ಹಾಕಿ ವರ್ಷಗಳೇ ಆದ್ವು. ಊರವರ ಚಿಲಕ ಎಲ್ಲಾ ನೋಡ್ತೀರಲ್ಲ, ನಿಮ್ಮ ಮನೆ ಚಿಲಕ ಒಂದು ದಿನ ನೋಡಿದ್ದೀರಾ?"

ಎಂಜಲು ಕೈಯಲ್ಲೇ ಎದ್ದು ಹೋದರು. ಮಗಳು ಹಿಂದೆಯೇ ಓಡಿದಳು. ನಾನು ನಿಧಾನವಾಗಿ ಹೋಗಿ ನೋಡಿದರೆ, ಹಿಂಬಾಗಿಲಿನ ದೀಪ ಹಾಕಿಕೊಂಡು, ಸತ್ತ ಹಲ್ಲಿಯನ್ನು ನೋಡುವ ಹಾಗೆ ಬೀಗವನ್ನು ನೋಡುತ್ತಿದ್ದರು. ಎಡಗೈಯಿಂದ ಅದನ್ನು ಒತ್ತಿದರು. ಟಕ್ ಎಂದಿತು. ಈಗ ಮನೆ ಬಿದ್ದುಹೋಗುವ ಹಾಗೆ ಕೂಗುತ್ತಾರೆ ಎಂದುಕೊಂಡು ನಾನು ಸೆರಗು ಸಿಕ್ಕಿಸಿ ನಿಂತೆ. ಅವರು ಕೂಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಯಾಕೆ ತಗೊಂಡೆ ಇದನ್ನ?" ಎಂದರು. ಜಗಳದ ದನಿಯಲ್ಲ, ನಿಜವಾಗಿ ಕೇಳುವ ದನಿ. ಮಗಳೂ ಅವರ ಪಕ್ಕದಲ್ಲಿ ಮಂಡಿಯೂರಿ ಕೂತು, "ಹೇಳಮ್ಮ, ಯಾಕೆ?" ಎಂದಳು.

"ನಿಮ್ಮ ಮೇಡಂ ಮನೆಯವರ ಮಾತು ತಗೋಬೇಡಿ ಅಂದಿದ್ದಾರಲ್ಲ?"

"ಪ್ರಾಜೆಕ್ಟಿಗಲ್ಲಮ್ಮ. ಸುಮ್ನೆ."

ಇಬ್ಬರೂ ಕೆಳಗೆ ಕೂತು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಇಷ್ಟು ವರ್ಷ ಆಡಬೇಕೆಂದುಕೊಂಡ ಮಾತು ಮೂಟೆಯಷ್ಟಿದೆ, ಕೇಳುವವರು ಸಿಕ್ಕಾಗ ಒಂದೂ ನಾಲಿಗೆಗೆ ಬರಲಿಲ್ಲ. ಕೊನೆಗೆ ಇದ್ದದ್ದನ್ನು ಹೇಳಿದೆ. ಪಾತ್ರೆ ತೊಳೆದು ಬರುವಾಗ ಕೈ ಒದ್ದೆ ಇರುತ್ತದೆ. ಹಿತ್ತಾಳೆ ಬೀಗದ ಕೀಲಿ ಚಿಕ್ಕದು, ಜಾರುತ್ತದೆ. ಮಳೆಯ ಎರಚಲು ಬಿದ್ದರೆ ಬೀಗ ಬಿಗಿದುಕೊಳ್ಳುತ್ತದೆ. ಒಂದು ದಿನ ಕೀಲಿ ಒಳಗೇ ಮುರಿಯಿತು. ಇವರು ಬೇರೆ ಊರಿಗೆ ಹೋಗಿದ್ದರು. ನಾನೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹಿತ್ತಾಳೆಯದನ್ನೇ ಕೊಡಿ ಎಂದೆ. ಆಗ ಕೌಂಟರಿನ ಪಕ್ಕ ನಿಂತಿದ್ದ ಒಬ್ಬರು, "ಯಾವ ಬಾಗಿಲಿಗಮ್ಮ?" ಎಂದರು. ಹಿಂಬಾಗಿಲಿಗೆ ಎಂದೆ. "ಬೀಗ ಹಾಕುವಾಗ ಕೈ ಒದ್ದೆ ಇರುತ್ತಾ?" ಎಂದರು. ಆಮೇಲೆ ದೊಡ್ಡ ಕೀಲಿಯ ಈ ಬೀಗ ತೆಗೆದುಕೊಟ್ಟರು.

"ನನ್ನ ಕೈ ಒದ್ದೆ ಇರುತ್ತಾ ಅಂತ ಅವತ್ತಿನವರೆಗೆ ಯಾರೂ ಕೇಳಿರ್ಲಿಲ್ಲ" ಎಂದೆ. "ಅದಕ್ಕೇ ತಗೊಂಡೆ."

ಇವರು ಒಮ್ಮೆ ಬೀಗವನ್ನು, ಒಮ್ಮೆ ನನ್ನನ್ನು ನೋಡಿದರು. ಕೈಯಲ್ಲಿದ್ದ ಅನ್ನ ಒಣಗಿತ್ತು. ನನ್ನ ಮಾತು ನಾಟಿದೆ, ಈಗ ಏನಾದರೂ ಒಳ್ಳೆಯದು ಹೇಳುತ್ತಾರೆ ಎಂದು ಕಾದೆ.

"ಅವನು ಬಿಳಿ ಶರ್ಟು ಹಾಕಿದ್ನಾ?" ಎಂದರು.

"ಹೂಂ. ಇಸ್ತ್ರಿ ಮಾಡಿದ್ದು."

"ಎಷ್ಟು ಹೊತ್ತು ಮಾತಾಡಿದ ನಿನ್ನ ಹತ್ರ?"

"ನಾನೇನು ಗಡಿಯಾರ ಕಟ್ಕೊಂಡು ಹೋಗಿದ್ನಾ? ಚೆನ್ನಾಗಿ ಮಾತಾಡಿದ್ರು ಪಾಪ. ನಗ್ತಾ ನಗ್ತಾ."

"ನಗೋದು ಯಾಕೆ? ಬೀಗ ಮಾರೋಕೆ ನಗಬೇಕಾ?" ಎಂದು ಎದ್ದು ನಿಂತರು. ಕಿವಿಯ ತುದಿ ಕೆಂಪಾಗಿತ್ತು. ಆ ಬೀಗವನ್ನು ಈಗಿಂದೀಗ ತೆಗೆದುಹಾಕುತ್ತೇನೆ ಎಂದರು. ದೊಡ್ಡ ಕೀಲಿಯದನ್ನು ತಮ್ಮ ಕಂಪನಿಯಲ್ಲಿ ಮಾಡಿಸಿಯೇ ತರುತ್ತೇನೆ ಎಂದರು. ಅಲ್ಲಿಯವರೆಗೆ ಒದ್ದೆ ಕೈಯಲ್ಲಿ ಬೀಗ ಹಾಕಬೇಡ, ಕರಿ, ನಾನು ಬಂದು ಹಾಕುತ್ತೇನೆ ಎಂದರು. ಇನ್ನು ಮೇಲೆ ಮನೆಗೆ ಸಾಮಾನು ಬೇಕಾದರೆ ನಾನು ಒಬ್ಬಳೇ ಅಂಗಡಿಗೆ ಹೋಗಬೇಕಾಗಿಲ್ಲ ಎಂದೂ ಹೇಳಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಊರಿನ ಬಾಗಿಲುಗಳನ್ನೆಲ್ಲ ನೋಡಿ ಹೊಟ್ಟೆ ಉರಿದುಕೊಂಡ ಮನುಷ್ಯ ನನ್ನ ಸಲುವಾಗಿ ಉರಿದುಕೊಂಡದ್ದು ಅದೇ ಮೊದಲು. ನನಗೆ ಎಷ್ಟು ಹಿತವಾಯಿತೆಂದರೆ, ಆ ಬಿಳಿ ಶರ್ಟಿನವರು ನನ್ನ ಹತ್ತಿರ ಆಡಿದ್ದು ಬರೀ ಎರಡು ಮಾತು, ಅದೂ ನಗದೆ, ಎಂದು ನಾನು ಇವತ್ತಿನವರೆಗೂ ಇವರಿಗೆ ಹೇಳಿಲ್ಲ.